ಆಡಾಸಿಟಿ ಮತ್ತು ಅದರ ಎರವಲು ಲೈಬ್ರರಿಗಳು: ಮುಕ್ತ ಧ್ವನಿ-ತಂತ್ರಾಂಶದ ಚರಿತ್ರೆಯಲ್ಲಿ ಒಂದು ಅಧ್ಯಾಯ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಿರ್ಮಾಪಕನ ಹೊಸತನವನ್ನೇ ಹಿಡಿದು ಹೊರಡುತ್ತಾರೆ. ಅವನು ಇತರರಿಂದ ಏನನ್ನು ಎರವಲು ತಂದನು, ಎರಡು ಮೂರು ಇರುವಲ್ಲಿ ಇದನ್ನೇ ಏಕೆ ಆರಿಸಿದನು, ಆರಿಸಿದ ಮೇಲೆ ಅದಕ್ಕೆ ಯಾವ ಬೆಲೆ ತೆತ್ತನು ಎಂಬ ಪ್ರಶ್ನೆಗಳು ಹಿಂದೆ ಬೀಳುತ್ತವೆ. ಗಣಕಯಂತ್ರದ ತಂತ್ರಾಂಶಗಳ ವಿಷಯದಲ್ಲಂತೂ ಈ ಉಪೇಕ್ಷೆ ಸಲ್ಲದು. ಅಲ್ಲಿ ಒಬ್ಬನ ಕೃತಿಯೆಂದು ನಾವು ಬಗೆಯುವುದರಲ್ಲಿ ದೊಡ್ಡ ಭಾಗವು ಪರರ ಕೈಯಿಂದ ಬಂದದ್ದಾಗಿರುತ್ತದೆ. ಪ್ರಕೃತ ಲೇಖನದಲ್ಲಿ ಆಡಾಸಿಟಿ ಎಂಬ ಧ್ವನಿಸಂಪಾದನ ತಂತ್ರಾಂಶವನ್ನು ಉದಾಹರಣೆಯಾಗಿಟ್ಟುಕೊಂಡು, ಅದು ತನ್ನ ಎರವಲುಗಳನ್ನು ಆರಿಸಿಕೊಂಡ ಬಗೆಯನ್ನು ಪರಿಶೀಲಿಸಲಾಗಿದೆ. ಈ ಆಯ್ಕೆಗಳಲ್ಲಿ ಧ್ವನಿಯ ಗುಣವಾಗಲಿ ಗಣಿತದ ಸೊಗಸಾಗಲಿ ಕೊನೆಯ ಮಾತಾಗಲಿಲ್ಲ. ಎರವಲು ತಂದದ್ದನ್ನು ಮತ್ತೊಬ್ಬರಿಗೆ ಯಾವ ಷರತ್ತಿನ ಮೇಲೆ ಕೊಡಬಹುದು ಎಂಬುದೇ ಪದೇ ಪದೇ ನಿರ್ಣಾಯಕವಾಯಿತು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಪರಿಭಾಷೆಯ ಮಾತು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕ ಭಂಡಾರವಲ್ಲ. ಒಂದು ನಿರ್ದಿಷ್ಟ ಕೆಲಸವನ್ನು ಮಾಡಿಕೊಡುವ, ಬೇರೆ ಬೇರೆ ತಂತ್ರಾಂಶಗಳು ತಮ್ಮೊಳಕ್ಕೆ ಸೇರಿಸಿಕೊಳ್ಳಬಹುದಾದ ಸಿದ್ಧ ಭಾಗ. ಅದನ್ನು ಗ್ರಂಥಾಲಯವೆಂದು ಕನ್ನಡಿಸುವುದು ಹಾಸ್ಯಾಸ್ಪದವಾದೀತಾದ್ದರಿಂದ ರೂಢಿಯ ಮಾತನ್ನೇ ಉಳಿಸಿಕೊಂಡಿದ್ದೇವೆ. ಮುಕ್ತ ತಂತ್ರಾಂಶವೆಂದರೆ ತನ್ನ ಮೂಲ ಸಂಕೇತವನ್ನು ಯಾರು ಬೇಕಾದರೂ ಓದುವುದಕ್ಕೂ ತಿದ್ದುವುದಕ್ಕೂ ಮರಳಿ ಹಂಚುವುದಕ್ಕೂ ಬಿಟ್ಟುಕೊಟ್ಟಿರುವಂಥದು. ಆಡಾಸಿಟಿಯು ವಿಂಡೋಸ್, ಮ್ಯಾಕ್, ಲಿನಕ್ಸ್ ಎಂಬ ಮೂರು ವ್ಯವಸ್ಥೆಗಳ ಮೇಲೂ ನಡೆಯುತ್ತದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾಗಿರಲಾರದು. ಜಾನಪದ ಗೀತೆಗಳ ಧ್ವನಿಮುದ್ರಣವನ್ನೋ ಹಿರಿಯರ ಸಂದರ್ಶನವನ್ನೋ ಶುದ್ಧಗೊಳಿಸಲು ಅನೇಕರು ಇದನ್ನೇ ಬಳಸುತ್ತಾರೆ.

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ 1999ರಲ್ಲಿ ಡೊಮಿನಿಕ್ ಮಜೋನಿ ಎಂಬ ವಿದ್ಯಾರ್ಥಿಯೂ ಅವರ ಅಧ್ಯಾಪಕರಾದ ರೋಜರ್ ಡ್ಯಾನೆನ್‌ಬರ್ಗ್ ಅವರೂ ಇದರ ಕೆಲಸವನ್ನು ಆರಂಭಿಸಿದರು. 2000ದ ಮೇ ತಿಂಗಳಲ್ಲಿ ಇದು ಸಾರ್ವಜನಿಕರ ಕೈಗೆ ಬಂದಿತು. ಡ್ಯಾನೆನ್‌ಬರ್ಗ್ ಗಣಕ ಸಂಗೀತದಲ್ಲಿ ಆಗಲೇ ಹೆಸರಾಗಿದ್ದ ವಿದ್ವಾಂಸರು. ನೈಕ್ವಿಸ್ಟ್ ಎಂಬ ಸಂಗೀತ ಭಾಷೆ ಅವರದೇ. ಇವರಿಬ್ಬರ ಸ್ವಂತ ಕಾಣಿಕೆಯು ದೀರ್ಘವಾದ ಧ್ವನಿಮುದ್ರಣವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಡಿಸ್ಕಿನಲ್ಲಿರಿಸಿ, ನಡುವೆ ಕತ್ತರಿಸಿದಾಗಲೂ ಸೇರಿಸಿದಾಗಲೂ ಇಡೀ ಕಡತವನ್ನು ಮರಳಿ ಬರೆಯಬೇಕಾಗದಂತೆ ಮಾಡಿದ ಉಪಾಯವಾಗಿತ್ತು. ಆದರೆ ಧ್ವನಿಯನ್ನು ಯಂತ್ರದ ಕಿವಿಯಿಂದ ಒಳಕ್ಕೆ ತರುವ, ಬಾಯಿಯಿಂದ ಹೊರಕ್ಕೆ ಕಳುಹಿಸುವ, ಹತ್ತಾರು ಮಾದರಿಯ ಕಡತಗಳನ್ನು ಓದಿ ಬರೆಯುವ ಕೆಲಸಗಳನ್ನೆಲ್ಲ ತಾವೇ ಮಾಡುತ್ತ ಕುಳಿತಿದ್ದರೆ ಆ ಕೃತಿ ಎಂದಿಗೂ ಮುಗಿಯುತ್ತಿರಲಿಲ್ಲ.

ಆ ಕಾಲದಲ್ಲಿ ತೊಡಕು ಎಷ್ಟಿತ್ತೆಂಬುದನ್ನು ಸ್ವಲ್ಪ ವಿವರಿಸಬೇಕು. ವಿಂಡೋಸ್‌ನಲ್ಲಿ ಧ್ವನಿಗೆ ಒಂದು ಹಳೆಯ ದಾರಿಯಿದ್ದು, ಅದರ ಮಗ್ಗುಲಲ್ಲೇ ಡೈರೆಕ್ಟ್‌ಸೌಂಡ್ ಎಂಬ ಹೊಸದೊಂದು ಬಂದಿತ್ತು. ಮ್ಯಾಕ್‌ನಲ್ಲಿ ಸೌಂಡ್ ಮ್ಯಾನೇಜರ್ ನಡೆಯುತ್ತಿದ್ದು 2001ರಿಂದ ಕೋರ್ ಆಡಿಯೋ ಅದರ ಸ್ಥಾನಕ್ಕೆ ಬಂದಿತು. ಲಿನಕ್ಸ್‌ನಲ್ಲಿ ಓ.ಎಸ್.ಎಸ್. ಎಂಬುದು ರೂಢಿಯಲ್ಲಿರುವಾಗಲೇ ಆಲ್ಸಾ ಬೆಳೆದು, 2003ರ ಕೊನೆಗೆ ಹೊರಬಂದ 2.6ನೆಯ ತಿರುಳಿನೊಡನೆ ಅಧಿಕೃತವಾಯಿತು. ಒಂದೊಂದರ ನಡೆಯೂ ಬೇರೆ. ಕೆಲಸದ ಸ್ವರೂಪವಾದರೋ ಬಿಡುವನ್ನು ಸಹಿಸುವಂಥದಲ್ಲ. ಸೆಕೆಂಡಿಗೆ 44,100 ಮಾದರಿಗಳಂತೆ ಧ್ವನಿಯು ಹರಿಯುತ್ತಿರುವಾಗ 256 ಮಾದರಿಗಳ ಒಂದು ಕಂತು ಮುಗಿಯಲು ಬೇಕಾಗುವ ಕಾಲ ಒಂದು ಸೆಕೆಂಡಿನ ಸಾವಿರದಲ್ಲಿ ಆರು ಪಾಲಿಗಿಂತಲೂ ಕಡಿಮೆ. ಅಷ್ಟರೊಳಗೆ ಮುಂದಿನ ಕಂತು ಸಿದ್ಧವಾಗದಿದ್ದರೆ ಕೇಳುವವನ ಕಿವಿಗೆ ಟಪ್ಪೆಂಬ ಒಡಕು ತಟ್ಟುತ್ತದೆ.

ಆಸ್ಟ್ರೇಲಿಯದ ರಾಸ್ ಬೆನ್ಸಿನಾ ಮತ್ತು ಅಮೆರಿಕದ ಫಿಲ್ ಬರ್ಕ್ ಎಂಬಿಬ್ಬರು ರೂಪಿಸಿದ ಪೋರ್ಟ್‌ಆಡಿಯೋ ಎಂಬ ಲೈಬ್ರರಿಯು ಈ ಎಲ್ಲ ದಾರಿಗಳ ಮುಂದೆಯೂ ಒಂದೇ ಬಾಗಿಲನ್ನು ನಿಲ್ಲಿಸಿತು. ತಂತ್ರಾಂಶವು ತನ್ನ ಒಂದು ಕಾರ್ಯವನ್ನು ಅದಕ್ಕೆ ಒಪ್ಪಿಸಿಬಿಟ್ಟರೆ, ಧ್ವನಿಯ ಕಂತು ಬೇಕಾದಾಗಲೆಲ್ಲ ಪೋರ್ಟ್‌ಆಡಿಯೋ ತಾನೇ ಅದನ್ನು ಕರೆಯುತ್ತದೆ. ಕೆಳಗಿರುವುದು ಯಾವ ವ್ಯವಸ್ಥೆಯೆಂಬ ಚಿಂತೆ ಮೇಲಿನವನಿಗಿಲ್ಲ. 2001ರಲ್ಲಿ ಕ್ಯೂಬಾದ ಹವಾನಾದಲ್ಲಿ ನೆರೆದ ಅಂತರರಾಷ್ಟ್ರೀಯ ಗಣಕ ಸಂಗೀತ ಸಮ್ಮೇಳನದಲ್ಲಿ ಇವರು ಇದರ ಬಗೆಗೆ ಪ್ರಬಂಧ ಮಂಡಿಸಿದರು. ಮಜೋನಿ ಮತ್ತು ಡ್ಯಾನೆನ್‌ಬರ್ಗ್ ತಮ್ಮ ತುಂಡು-ಕಡತದ ಉಪಾಯವನ್ನು ಮಂಡಿಸಿದ್ದೂ ಅದೇ ಸಮ್ಮೇಳನದಲ್ಲೇ ಎಂಬುದು ಗಮನಾರ್ಹ. 2004ರಲ್ಲಿ ಹೊರಬಂದ ಆಡಾಸಿಟಿಯ 1.2ನೆಯ ಆವೃತ್ತಿಯು ಪೋರ್ಟ್‌ಆಡಿಯೋದ ಮೇಲೆಯೇ ನಿಂತಿತ್ತು. ಇದಕ್ಕೆ ಸಮಾನವಾದ ಬೇರೆ ಲೈಬ್ರರಿಗಳು ಇರಲಿಲ್ಲವೆಂದಲ್ಲ. ಗ್ಯಾರಿ ಸ್ಕಾವೋನ್ ಅವರ ಆರ್‌ಟಿಆಡಿಯೋ ಸಹ ಅದೇ ವರ್ಷಗಳ ಕೃತಿ, ಅದರ ಪರವಾನಗಿಯೂ ಉದಾರವಾದದ್ದೇ.

ಪೋರ್ಟ್‌ಆಡಿಯೋವನ್ನು ಆರಿಸಿದ್ದರಿಂದ ದೊರೆತ ಲಾಭ ಕಾಲಾಂತರದಲ್ಲಿ ಸ್ಪಷ್ಟವಾಯಿತು. ವಿಂಡೋಸ್ ವಿಸ್ಟಾದೊಡನೆ ವಸಾಪಿ ಎಂಬ ಹೊಸ ಧ್ವನಿಮಾರ್ಗ ಬಂದಾಗ ಪೋರ್ಟ್‌ಆಡಿಯೋ ಅದನ್ನು ಕಲಿತುಕೊಂಡಿತು; ಅದರ ಆಧಾರದ ಮೇಲೆ ಗಣಕದಲ್ಲಿ ನುಡಿಯುತ್ತಿರುವುದನ್ನೇ ಮುದ್ರಿಸಿಕೊಳ್ಳುವ ಸೌಕರ್ಯವು 2013ರಲ್ಲಿ ಆಡಾಸಿಟಿಗೆ ಸೇರಿತು. ನಷ್ಟವೂ ಇಲ್ಲದಿರಲಿಲ್ಲ. ಧ್ವನಿಗ್ರಹಣದ ಮಟ್ಟವನ್ನು ಏರಿಸಿ ಇಳಿಸುವ ವ್ಯವಸ್ಥೆ ಪೋರ್ಟ್‌ಆಡಿಯೋದಲ್ಲಿ ಇಲ್ಲವಾದ್ದರಿಂದ ಮಜೋನಿ ಪೋರ್ಟ್‌ಮಿಕ್ಸರ್ ಎಂಬ ಇನ್ನೊಂದನ್ನು ಬರೆದರು. ಅದು ಕೆಲಸ ಮಾಡಬೇಕಾದರೆ ಪೋರ್ಟ್‌ಆಡಿಯೋದ ಒಳಗುಟ್ಟನ್ನು ಇಣುಕಿ ನೋಡಬೇಕಾಗಿತ್ತು. ಆದಕಾರಣ ಆಡಾಸಿಟಿಯು ತಾನೇ ತಿದ್ದಿದ ಪೋರ್ಟ್‌ಆಡಿಯೋದ ಪ್ರತಿಯೊಂದನ್ನು ಬಗಲಲ್ಲಿಟ್ಟುಕೊಂಡೇ ಸಾಗಬೇಕಾಯಿತು. ಹಸ್ತಪ್ರತಿಗಳ ಪರಿಷ್ಕರಣ ಬಲ್ಲವರಿಗೆ ಇದರ ಕಷ್ಟ ಹೇಳಬೇಕಾಗಿಲ್ಲ. ಮೂಲವು ಅಲ್ಲಿ ತಿದ್ದಿಕೊಳ್ಳುತ್ತ ಮುಂದೆ ಹೋಗುತ್ತದೆ, ಪ್ರತಿಯು ಇಲ್ಲಿ ಬೇರೆ ತಿದ್ದುಪಡಿಗಳನ್ನು ಹೊತ್ತು ನಿಲ್ಲುತ್ತದೆ, ಎರಡನ್ನೂ ಹೊಂದಿಸುವ ಶ್ರಮ ಪ್ರತಿಸಲವೂ ಹೊಸದಾಗುತ್ತದೆ. ಒಂದೇ ಲೈಬ್ರರಿ ಎಲ್ಲ ತಂತ್ರಾಂಶಗಳಿಗೂ ಸಾಮಾನ್ಯವಾಗಿರಲಿ ಎಂಬ ನಿಯಮದ ಲಿನಕ್ಸ್ ವಿತರಕರಿಗೂ ಇದು ಒಗ್ಗದ ಏರ್ಪಾಡಾಗಿತ್ತು.

ಇದಕ್ಕೆ ವ್ಯತಿರಿಕ್ತವಾದ ಮಾರ್ಗವನ್ನು ಪಾಲ್ ಡೇವಿಸ್ ಅವರ ಆರ್ಡರ್ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ಕಾಣುತ್ತೇವೆ. ಅವರು ಜ್ಯಾಕ್ ಎಂಬ ಧ್ವನಿಸೇತುವೆಯನ್ನೇ ನಿರ್ಮಿಸಿ ಆರ್ಡರನ್ನು ಅದರ ಮೇಲೆ ನಿಲ್ಲಿಸಿದರು. ವೃತ್ತಿಪರರಿಗೆ ಇದರಿಂದ ಅಪಾರ ಅನುಕೂಲವಾಯಿತು. ಹೊಸಬನಿಗಾದರೋ ಹಾಡು ಮುದ್ರಿಸುವ ಮೊದಲು ಸೇತುವೆಯನ್ನು ಹೂಡುವುದೇ ಒಂದು ವ್ರತವಾಯಿತು. 2015ರ 4.0ನೆಯ ಆವೃತ್ತಿಯಲ್ಲಿ ಜ್ಯಾಕ್‌ನ ಕಡ್ಡಾಯವನ್ನು ತೆಗೆದುಹಾಕಲಾಯಿತು. ಸ್ವಂತದ್ದನ್ನೇ ಕಟ್ಟಿಕೊಂಡವರೂ ಕಾಲಕ್ರಮದಲ್ಲಿ ಅದರ ಭಾರವನ್ನು ಇಳಿಸಿಕೊಳ್ಳಬೇಕಾಯಿತೆಂಬುದಕ್ಕೆ ಇದು ನಿದರ್ಶನ.

ಇನ್ನು ಪರವಾನಗಿಯ ವಿಷಯ. ಲೇಖನದ ತಿರುಳು ಇಲ್ಲಿದೆ. ಆಡಾಸಿಟಿಯು ಜಿ.ಪಿ.ಎಲ್. ಎಂಬ ಪರವಾನಗಿಯಡಿಯಲ್ಲಿ ಪ್ರಕಟವಾದದ್ದು. ಅದರ ಪ್ರಕಾರ ತಂತ್ರಾಂಶವನ್ನು ಹಂಚುವವನು, ಅದರೊಡನೆ ಒಂದಾಗಿ ಬೆರೆತ ಭಾಗಗಳೆಲ್ಲದರ ಮೂಲ ಸಂಕೇತವನ್ನೂ ಅದೇ ಷರತ್ತುಗಳ ಮೇಲೆ ಪಡೆಯುವವನಿಗೆ ಒದಗಿಸತಕ್ಕದ್ದು. ಪೋರ್ಟ್‌ಆಡಿಯೋದ ಪರವಾನಗಿಯು ಎಂ.ಐ.ಟಿ. ಮಾದರಿಯದು, ಕರ್ತೃವಿನ ಹೆಸರನ್ನು ಉಳಿಸಿಕೊಂಡರೆ ಸಾಕು, ಉಳಿದಂತೆ ಏನು ಬೇಕಾದರೂ ಮಾಡಬಹುದು. ಸಿಡ್ನಿಯ ಎರಿಕ್ ಡಿ ಕಾಸ್ಟ್ರೊ ಲೋಪೊ ಬರೆದ, ಧ್ವನಿ-ಕಡತಗಳನ್ನು ಓದುವ ಲಿಬ್‌ಸೌಂಡ್‌ಫೈಲ್ ಎಂಬುದು ಎಲ್.ಜಿ.ಪಿ.ಎಲ್. ಎಂಬ ನಡುತರದ ಪರವಾನಗಿಯದು. ಲೈಬ್ರರಿ ಮಾತ್ರ ಮುಕ್ತವಾಗಿ ಉಳಿಯಬೇಕು, ಅದನ್ನು ಬಳಸುವ ತಂತ್ರಾಂಶ ಹೇಗಾದರೂ ಇರಬಹುದು. ನಮ್ಮ ದಾನಶಾಸನಗಳನ್ನು ಓದಿದವರಿಗೆ ಈ ತಾರತಮ್ಯ ಹೊಸತಲ್ಲ. ಸರ್ವಮಾನ್ಯವಾಗಿ ಬಿಟ್ಟ ಭೂಮಿಗೂ, ದೇವರ ನಂದಾದೀವಿಗೆ ಆಚಂದ್ರಾರ್ಕ ನಡೆಯಬೇಕೆಂಬ ಕಟ್ಟುಪಾಡಿನೊಡನೆ ಬಿಟ್ಟ ಭೂಮಿಗೂ ಇರುವ ಅಂತರವೇ ಇಲ್ಲಿಯೂ ಇದೆ. (ಹೋಲಿಕೆಯನ್ನು ಇದಕ್ಕಿಂತ ದೂರ ಎಳೆಯಬಾರದು, ಭೂಮಿಯನ್ನು ಕೊಟ್ಟವನಿಗೆ ಅದು ಉಳಿಯುವುದಿಲ್ಲ, ತಂತ್ರಾಂಶವನ್ನು ಕೊಟ್ಟವನಿಗೆ ಅದು ಉಳಿದೇ ಇರುತ್ತದೆ.) ಈ ಮೂರೂ ತಮ್ಮತಮ್ಮೊಳಗೆ ಹೊಂದಿಕೊಳ್ಳುತ್ತವೆ. ಹೊಂದದವು ಎದುರಾದಾಗ ಏನಾಯಿತೆಂಬುದನ್ನು ನೋಡೋಣ.

ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯು 1997ರಲ್ಲಿ ಆಸಿಯೋ ಎಂಬ ಧ್ವನಿಮಾರ್ಗವನ್ನು ಹೊರತಂದಿತು. ವಿಂಡೋಸ್‌ನ ಒಳಮಿಶ್ರಣವನ್ನು ಬದಿಗಿರಿಸಿ ಧ್ವನಿಯಂತ್ರವನ್ನು ನೇರವಾಗಿ ಮುಟ್ಟುವ ಈ ಮಾರ್ಗವೇ ಸಂಗೀತ ಮುದ್ರಣಾಲಯಗಳಲ್ಲಿ ಪ್ರಮಾಣವಾಯಿತು. ಪೋರ್ಟ್‌ಆಡಿಯೋ ಇದನ್ನು ಬಲ್ಲದು. ತಾಂತ್ರಿಕವಾಗಿ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಆಸಿಯೋವಿನ ಸಲಕರಣೆಯನ್ನು ಪಡೆಯುವವನು ಅದನ್ನು ಮರಳಿ ಹಂಚಬಾರದೆಂಬುದು ಸಂಸ್ಥೆಯ ಕರಾರು; ಎಲ್ಲವನ್ನೂ ಹಂಚತಕ್ಕದ್ದೆಂಬುದು ಜಿ.ಪಿ.ಎಲ್.ನ ಕರಾರು. ಎರಡು ಆಜ್ಞೆಗಳ ನಡುವೆ ಸಿಕ್ಕಿದ ಆಡಾಸಿಟಿಯ ತಂಡದವರು ಆಸಿಯೋ ಇಲ್ಲದೆಯೇ ತಂತ್ರಾಂಶವನ್ನು ಹೊರಡಿಸಿದರು. ಬಲ್ಲವನು ಸಲಕರಣೆಯನ್ನು ತಾನೇ ತಂದು, ಮೂಲ ಸಂಕೇತದಿಂದ ತನ್ನ ಬಳಕೆಗೆ ಆಸಿಯೋ ಸಹಿತವಾದ ಆಡಾಸಿಟಿಯನ್ನು ಕಟ್ಟಿಕೊಳ್ಳಬಹುದಾಗಿತ್ತು. ಕಟ್ಟಿಕೊಂಡದ್ದನ್ನು ಪಕ್ಕದ ಮನೆಯ ಗೆಳೆಯನಿಗೆ ಕೊಡುವಂತಿರಲಿಲ್ಲ. ಕಟ್ಟಲು ತಿಳಿಯದ ಸಾವಿರಾರು ಬಳಕೆದಾರರಿಗೆ ಈ ವ್ಯತ್ಯಾಸ ಎಂದೂ ಅರ್ಥವಾಗಲಿಲ್ಲ. ತಂಡದವರ ಅಸಾಮರ್ಥ್ಯವೆಂದೇ ಅವರು ಬಗೆದರೆ ಆಶ್ಚರ್ಯವಿಲ್ಲ.

ಮಾದರಿ-ದರದ ಪರಿವರ್ತನೆಯ ವಿಷಯದಲ್ಲಿಯೂ ಇಂಥದೇ ಸಂಗತಿಯುಂಟು. ಸಿ.ಡಿ.ಯ ಸೆಕೆಂಡಿಗೆ 44,100 ಮಾದರಿಗಳನ್ನು ಚಲಚ್ಚಿತ್ರದ 48,000ಕ್ಕೆ ತರಬೇಕಾದರೆ ಪ್ರತಿ 147 ಮಾದರಿಗಳಿಂದ 160ನ್ನು ಲೆಕ್ಕಹಾಕಿ ಹುಟ್ಟಿಸಬೇಕು. ಲೆಕ್ಕ ಒರಟಾದರೆ ಧ್ವನಿಯಲ್ಲಿ ಇಲ್ಲದ ಸ್ವರಗಳು ಕೇಳಿಸುತ್ತವೆ. ಇದಕ್ಕೆ ಮೇಲೆ ಹೇಳಿದ ಡಿ ಕಾಸ್ಟ್ರೊ ಲೋಪೊ ಅವರದೇ ಲಿಬ್‌ಸ್ಯಾಂಪಲ್‌ರೇಟ್ ಎಂಬ ಉತ್ತಮ ಲೈಬ್ರರಿಯಿತ್ತು. ಅದರ ಪರವಾನಗಿ ಎಲ್.ಜಿ.ಪಿ.ಎಲ್. ಅಲ್ಲ, ಕಟ್ಟುನಿಟ್ಟಾದ ಜಿ.ಪಿ.ಎಲ್. ಇದರ ಜೊತೆಗೆ ಲಿಬ್‌ರೀಸ್ಯಾಂಪಲ್ ಎಂಬ ಎಲ್.ಜಿ.ಪಿ.ಎಲ್. ಲೈಬ್ರರಿಯೂ ಇದ್ದು, ಆಡಾಸಿಟಿಯನ್ನು ಕಟ್ಟುವವನು ಎರಡರಲ್ಲೊಂದನ್ನು ಆರಿಸಬೇಕಾಗಿತ್ತು. 2013ರಲ್ಲಿ 2.0.3ನೆಯ ಆವೃತ್ತಿಯೊಡನೆ ಆ ಸ್ಥಾನಕ್ಕೆ ಸಾಕ್ಸ್ ತಂತ್ರಾಂಶದಿಂದ ಬೇರ್ಪಡಿಸಿದ ಲಿಬ್‌ಸಾಕ್ಸ್‌ಆರ್ ಬಂದಿತು. ಅದು ಗುಣದಲ್ಲಿ ಉತ್ತಮ, ಪರವಾನಗಿಯಲ್ಲಿ ಎಲ್.ಜಿ.ಪಿ.ಎಲ್. 2016ರಲ್ಲಿ ಲಿಬ್‌ಸ್ಯಾಂಪಲ್‌ರೇಟಿನ ಕರ್ತೃವೂ ತಮ್ಮ ಷರತ್ತನ್ನು ಸಡಿಲಿಸಿ ಬಿ.ಎಸ್.ಡಿ. ಮಾದರಿಯ ಪರವಾನಗಿಗೆ ಬಂದರು. ಅಷ್ಟರಲ್ಲಿ ಆಡಾಸಿಟಿಯಲ್ಲಿ ಆ ಸ್ಥಾನ ತುಂಬಿಹೋಗಿತ್ತು.

ಎಲ್ಲಕ್ಕಿಂತ ದೀರ್ಘವೂ ವಿಚಿತ್ರವೂ ಆದದ್ದು ಎಂಪಿ3ಯ ಕಥೆ. ಧ್ವನಿಯನ್ನು ಹತ್ತರಲ್ಲೊಂದು ಪಾಲಿನಷ್ಟಕ್ಕೆ ಕುಗ್ಗಿಸಬಲ್ಲ ಈ ಕ್ರಮವು ಅಂತರರಾಷ್ಟ್ರೀಯ ಮಾನಕವಾಗಿ 1993ರಲ್ಲಿ ಪ್ರಕಟವಾಯಿತು. ಮಾದರಿಗೆಂದು ಅದರ ಒಂದು ಮೂಲ ಸಂಕೇತವೂ ಹೊರಬಂದಿತು. ಓದಲು ಸಂಕೇತ ಸಿಕ್ಕಿತೇ ಹೊರತು ಬಳಸುವ ಹಕ್ಕು ಸಿಗಲಿಲ್ಲ, ಏಕೆಂದರೆ ಕ್ರಮದ ಮೇಲೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಮೊದಲಾದವರ ಪೇಟೆಂಟುಗಳಿದ್ದವು. 1998ರ ಸೆಪ್ಟೆಂಬರಿನಲ್ಲಿ ಆ ಸಂಸ್ಥೆಯು ಎಂಪಿ3 ತಯಾರಿಸುವ ತಂತ್ರಾಂಶಗಳ ಕರ್ತೃಗಳಿಗೆ ಪತ್ರ ಬರೆದು ಪರವಾನಗಿ ಪಡೆಯಬೇಕೆಂದು ಸೂಚಿಸಿತು. ಅದೇ ವರ್ಷ ಮೈಕ್ ಚೆಂಗ್ ಎಂಬುವರು ಲೇಮ್ ಎಂಬುದನ್ನು ಆರಂಭಿಸಿದರು. ಮೊದಲು ಅದು ಪೂರ್ಣ ತಂತ್ರಾಂಶವೇ ಆಗಿರಲಿಲ್ಲ. ಮಾನಕದ ಮಾದರಿ ಸಂಕೇತಕ್ಕೆ ಹಚ್ಚಬೇಕಾದ ತಿದ್ದುಪಡಿಗಳ ಪಟ್ಟಿ ಮಾತ್ರವಾಗಿತ್ತು. ಅದರ ಹೆಸರೇ ತಾನು ಎಂಪಿ3 ತಯಾರಕನಲ್ಲವೆಂದು ಸಾರುವ ಆಂಗ್ಲ ವಾಕ್ಯವೊಂದರ ಮೊದಲಕ್ಷರಗಳು! 1999ರಿಂದ ಮಾರ್ಕ್ ಟೇಲರ್ ಅವರ ಮುಂದಾಳುತನದಲ್ಲಿ ಹಳೆಯ ಸಂಕೇತವು ಸ್ವಲ್ಪಸ್ವಲ್ಪವಾಗಿ ಮಾಯವಾಗಿ, 2000ದ ಮೇ ವೇಳೆಗೆ ಲೇಮ್ ಪೂರ್ಣವಾಗಿ ಸ್ವತಂತ್ರವಾಯಿತು. ಸಂಕೇತದ ಮೇಲಣ ಹಕ್ಕಿನ ತೊಡಕು ಹೀಗೆ ತೀರಿದರೂ ಪೇಟೆಂಟಿನ ತೊಡಕು ತೀರಲಿಲ್ಲ. ಮೊದಲನೆಯದು ಬರೆದ ಅಕ್ಷರಗಳ ಮೇಲಿನ ಹಕ್ಕು, ಎರಡನೆಯದು ಉಪಾಯದ ಮೇಲಿನ ಹಕ್ಕು; ಅಕ್ಷರಗಳನ್ನು ಬದಲಾಯಿಸಿದರೆ ಉಪಾಯ ಬದಲಾಗುವುದಿಲ್ಲ. ಈ ಎರಡನ್ನೂ ಒಂದೆಂದು ತಿಳಿಯುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷವಾದ್ದರಿಂದ ಇಷ್ಟು ಹೇಳಬೇಕಾಯಿತು.

ಆಡಾಸಿಟಿಯವರು ಹಿಡಿದ ದಾರಿ ಜಾಣತನದ್ದು. ಎಂಪಿ3 ತಯಾರಿಸುವ ಗುಂಡಿಯನ್ನು ತಂತ್ರಾಂಶದಲ್ಲಿಟ್ಟರು, ತಯಾರಿಸುವ ಲೈಬ್ರರಿಯನ್ನು ಇಡಲಿಲ್ಲ. ಬಳಕೆದಾರನು ಲೇಮನ್ನು ಬೇರೆಡೆಯಿಂದ ತಂದು, ಅದನ್ನು ಎಲ್ಲಿ ಇರಿಸಿದ್ದೇನೆಂದು ಆಡಾಸಿಟಿಗೆ ತೋರಿಸಬೇಕು. ಬಾಡೂಟಕ್ಕೆ ಎಲೆ ಹಾಕಿ, ಬಾಡನ್ನು ಮಾತ್ರ ನೀವೇ ತನ್ನಿ ಎಂದಂತೆ. ಸಂಗೀತದ ಅಧ್ಯಾಪಕರಿಗೂ ಶಾಲಾ ಬಾಲಕರಿಗೂ ಇದು ವರ್ಷಗಟ್ಟಲೆ ದೊಡ್ಡ ಎಡವುಗಲ್ಲಾಗಿತ್ತು. ಭಾರತದ ಕಾನೂನು ಈ ವಿಷಯದಲ್ಲಿ ಬೇರೆಯೇ ಆಗಿತ್ತೆಂಬುದನ್ನು ಇಲ್ಲಿ ಸೂಚಿಸಬಹುದು. 2002ರ ತಿದ್ದುಪಡಿಯಿಂದ ನಮ್ಮ ಪೇಟೆಂಟ್ ಅಧಿನಿಯಮದ 3ನೆಯ ಪ್ರಕರಣವು ಕೇವಲ ಗಣಕ ಕ್ರಮವಿಧಿಯನ್ನೂ ಗಣಿತ ವಿಧಾನವನ್ನೂ ಪೇಟೆಂಟಿಗೆ ಅರ್ಹವಲ್ಲವೆಂದಿತು. 2004ರ ಅಧ್ಯಾದೇಶವು ಅದನ್ನು ಸಡಿಲಿಸಹೊರಟಾಗ 2005ರಲ್ಲಿ ಸಂಸತ್ತು ಒಪ್ಪಲಿಲ್ಲ. ಆದರೂ ಅಮೆರಿಕದಿಂದ ಹಂಚಿಕೆಯಾಗುತ್ತಿದ್ದ ತಂತ್ರಾಂಶವು ಅಮೆರಿಕದ ಪೇಟೆಂಟುಗಳಿಗೆ ಅಂಜಲೇಬೇಕಾಗಿದ್ದರಿಂದ, ಬೆಂಗಳೂರಿನ ಬಳಕೆದಾರನೂ ಲೇಮನ್ನು ಬೇರೆಯಾಗಿಯೇ ಹುಡುಕಬೇಕಾಗಿತ್ತು.

ಪೇಟೆಂಟಿನ ಗೊಡವೆಯೇ ಬೇಡವೆಂದು ಕ್ರಿಸ್ಟೋಫರ್ ಮಾಂಟ್‌ಗೊಮರಿ ಮತ್ತು ಅವರ ಕ್ಸಿಫ್ ಬಳಗದವರು ವಾರ್ಬಿಸ್ ಎಂಬ ಹೊಸ ಕ್ರಮವನ್ನೇ ನಿರ್ಮಿಸಿದರು. 2001ರಲ್ಲಿ ಅದರ ಲೈಬ್ರರಿಯನ್ನು ಎಲ್.ಜಿ.ಪಿ.ಎಲ್.ನಿಂದ ಬಿ.ಎಸ್.ಡಿ. ಮಾದರಿಗೆ ಬದಲಾಯಿಸಿದಾಗ, ಜಿ.ಪಿ.ಎಲ್.ನ ಪ್ರವರ್ತಕರಾದ ರಿಚರ್ಡ್ ಸ್ಟಾಲ್‌ಮನ್ ಅವರೇ ಅದನ್ನು ಸಮರ್ಥಿಸಿದರು. ಪೇಟೆಂಟಿಲ್ಲದ ಕ್ರಮವು ಎಲ್ಲೆಡೆ ಹರಡುವುದು ಹೆಚ್ಚಿನ ಹಿತವೆಂದು ಅವರು ಕಂಡದ್ದು ಅವರ ಸಿದ್ಧಾಂತವನ್ನು ಬಲ್ಲವರಿಗೆ ಅನಿರೀಕ್ಷಿತ. ವಾರ್ಬಿಸ್ 2002ರ ಜುಲೈಯಲ್ಲಿ ಪೂರ್ಣಗೊಂಡಿತು. ಆಡಾಸಿಟಿಯಲ್ಲಿ ಅದಕ್ಕೆ ಮುಕ್ತ ಪ್ರವೇಶ ದೊರೆಯಿತು. ಆದರೆ ಜನರ ಕೈಯಲ್ಲಿದ್ದ ಪುಟ್ಟ ಧ್ವನಿಯಂತ್ರಗಳಲ್ಲಿ ಬಹುಪಾಲು ಎಂಪಿ3ಯನ್ನೇ ಕೇಳುತ್ತಿದ್ದವು.

ಕೊನೆಗೆ ತೊಡಕನ್ನು ಬಿಡಿಸಿದ್ದು ಕಾಲವೇ. 2017ರ ಏಪ್ರಿಲ್‌ನಲ್ಲಿ ಎಂಪಿ3ಯ ಪರವಾನಗಿ ವ್ಯವಹಾರ ಮುಕ್ತಾಯಗೊಂಡಿತು. 2019ರಲ್ಲಿ ಆಡಾಸಿಟಿಯ 2.3.2ನೆಯ ಆವೃತ್ತಿಯು ಲೇಮನ್ನು ತನ್ನೊಡನೆಯೇ ಹೊತ್ತು ಬಂದಿತು. ಅದುವರೆಗೆ ಎಂಪಿ3ಯನ್ನು ಮುಟ್ಟದಿದ್ದ ಲಿಬ್‌ಸೌಂಡ್‌ಫೈಲ್ ಸಹ 2022ರ 1.1.0ನೆಯ ಆವೃತ್ತಿಯಲ್ಲಿ ಅದನ್ನು ಸೇರಿಸಿಕೊಂಡಿತು. ಈ ಇಪ್ಪತ್ತು ವರ್ಷಗಳಲ್ಲಿ ಲೇಮ್‌ನ ಗುಣವು ಉತ್ತಮಗೊಂಡಿತ್ತು, ನಿಜ. ಆದರೆ ಅದನ್ನು ಒಳಕ್ಕೆ ಬಿಟ್ಟುಕೊಂಡದ್ದು ಗುಣದ ಕಾರಣದಿಂದಲ್ಲ.

ಪರವಾನಗಿಯು ಲೈಬ್ರರಿಯನ್ನು ತಡೆದ ಉದಾಹರಣೆಗಳನ್ನು ಕಂಡೆವು. ಲೈಬ್ರರಿಯೇ ತಂತ್ರಾಂಶದ ಪರವಾನಗಿಯನ್ನು ಬದಲಾಯಿಸಿದ್ದೂ ಉಂಟು. ಸ್ಟೈನ್‌ಬರ್ಗ್ ಸಂಸ್ಥೆಯದೇ ಆದ ವಿ.ಎಸ್.ಟಿ. ಎಂಬುದು ಧ್ವನಿಗೆ ಮೆರುಗು ಕೊಡುವ ಹೊರಗಿನ ಸಲಕರಣೆಗಳನ್ನು ಜೋಡಿಸುವ ವ್ಯವಸ್ಥೆ. ಅದರ ಹಳೆಯ ಸಲಕರಣೆಯೂ ಜಿ.ಪಿ.ಎಲ್.ಗೆ ಹೊಂದದ್ದಾಗಿತ್ತು. ಆಡಾಸಿಟಿಯವರು ಮೊದಮೊದಲು ವಿ.ಎಸ್.ಟಿ.ಗೆ ಪ್ರತ್ಯೇಕ ಜೋಡಣೆಯೊಂದನ್ನು ಹಂಚಿದರು, ಅನಂತರ ಎಲ್.ಎಂ.ಎಂ.ಎಸ್. ಎಂಬ ಮುಕ್ತ ಸಂಗೀತ ತಂತ್ರಾಂಶದವರು ಸಂಸ್ಥೆಯ ಕಡತವನ್ನು ನಕಲು ಮಾಡದೆ 2006ರಲ್ಲಿ ಹೊಸದಾಗಿ ಬರೆದ ಶೀರ್ಷಕ-ಕಡತವನ್ನು ಬಳಸಿಕೊಂಡರು. ವಿ.ಎಸ್.ಟಿ.ಯ ಮೂರನೆಯ ಪೀಳಿಗೆ ಜಿ.ಪಿ.ಎಲ್.ನ 3ನೆಯ ಆವೃತ್ತಿಯಡಿ ದೊರೆಯುವಂತಾಯಿತು; ಆಡಾಸಿಟಿಯದೋ ಜಿ.ಪಿ.ಎಲ್. 2. ತಂತ್ರಾಂಶವು 2021ರಲ್ಲಿ ಮ್ಯೂಸ್ ಗ್ರೂಪ್ ಎಂಬ ಸಂಸ್ಥೆಯ ಆಡಳಿತಕ್ಕೆ ಬಂದ ಮೇಲೆ, ಒಟ್ಟು ತಂತ್ರಾಂಶವನ್ನು ಮೂರನೆಯ ಆವೃತ್ತಿಗೆ ತರಲಾಯಿತು. ಹೆಚ್ಚಿನ ಕಡತಗಳು ಇಂದಿಗೂ ಎರಡನೆಯ ಅಥವಾ ಮುಂದಿನ ಆವೃತ್ತಿಯವೇ, ವಿ.ಎಸ್.ಟಿ. 3ರ ಸಂಬಂಧವಾದವು ಮಾತ್ರ ಬೇರೆ. 2022ರ 3.2ನೆಯ ಆಡಾಸಿಟಿಯಲ್ಲಿ ವಿ.ಎಸ್.ಟಿ. 3 ಬಂದಿತು, ಅದೇ ಆವೃತ್ತಿಯಲ್ಲಿ ಎಂಪಿ3 ಓದುವ ಹಳೆಯ ಲಿಬ್‌ಮ್ಯಾಡ್‌ನ ಬದಲಿಗೆ ಎಂಪಿಜಿ123 ಎಂಬ ಲೈಬ್ರರಿ ಸೇರಿತು.

2025ರ ಅಕ್ಟೋಬರಿನಲ್ಲಿ ಸ್ಟೈನ್‌ಬರ್ಗ್ ಸಂಸ್ಥೆಯು ವಿ.ಎಸ್.ಟಿ. 3ರ ಸಲಕರಣೆಯನ್ನು ಎಂ.ಐ.ಟಿ. ಪರವಾನಗಿಗೆ ಬಿಟ್ಟುಕೊಟ್ಟಿತು. ಆಸಿಯೋವನ್ನು ಸಹ ತನ್ನ ಹಳೆಯ ಕರಾರಿನ ಜೊತೆಗೆ ಜಿ.ಪಿ.ಎಲ್. 3ರಡಿಯಲ್ಲಿಯೂ ಪಡೆಯಬಹುದೆಂದು ಪ್ರಕಟಿಸಿತು. ತನ್ನ ಹುಟ್ಟಿನಿಂದ 28 ವರ್ಷಗಳ ತರುವಾಯ, ಮುಕ್ತ ತಂತ್ರಾಂಶವೊಂದರೊಳಗೆ ಆಸಿಯೋವನ್ನು ಸೇರಿಸಿ ಅದನ್ನು ಇನ್ನೊಬ್ಬರ ಕೈಗೆ ಕೊಡುವುದು ಹೀಗೆ ಸಾಧ್ಯವಾಯಿತು.